ಕಂಪನಿಯವರು ಹೆಚ್ಚಿಗೆ ಕೊಟ್ಟ ಬೋಲ್ಟು

ನಮ್ಮ ಮನೆಯಲ್ಲಿ ಯಾವ ಯಂತ್ರ ಬಿಚ್ಚಿದರೂ, ಮತ್ತೆ ಜೋಡಿಸಿದ ಮೇಲೆ ಒಂದು ಬೋಲ್ಟು ಉಳಿಯಲೇಬೇಕು. ಮದುವೆಯಾಗಿ ಬಂದಾಗಿನಿಂದ ನೋಡುತ್ತ ಬಂದಿದ್ದೇನೆ.

ಫ್ಯಾನು

ನಮ್ಮ ಯಜಮಾನರು ಮೊದಲು ಬಿಚ್ಚಿದ್ದು ಫ್ಯಾನು. ಜೋಡಿಸಿದ ಮೇಲೆ ನೆಲದ ಮೇಲೊಂದು ಬೋಲ್ಟು ಬಿದ್ದಿತ್ತು.

“ಇದು ಎಲ್ಲೀದ್ರಿ?” ಅಂದೆ.

“ಫಿಕರ್ ಮಾಡಬ್ಯಾಡ. ಕಂಪನಿಯವ್ರು ಒಂದು ಹೆಚ್ಚಿಗಿ ಕೊಟ್ಟಿರ್ತಾರ” ಎಂದು ಖಾಲಿ ಚಹಾಪುಡಿ ಡಬ್ಬಿಗೆ ಹಾಕಿದರು. ಫ್ಯಾನು ತಿರುಗಿತು, ಆದರೆ ಉಲ್ಟಾ. ಗಾಳಿಯೆಲ್ಲ ಮೇಲಕ್ಕೆ ಹೋಯಿತು. ಕೆಳಗೆ ಬೆವರುತ್ತ ಕೂತಿದ್ದ ಅತ್ತೆ, “ಯಪ್ಪಾ, ನಾ ಮಾಳಿಗಿ ಮ್ಯಾಲೆ ಹೋಗಿ ಕುಂದ್ರಲೇನು?” ಅಂದರು.

ನೀರಿನ ಸ್ಕೂಟರು

ಅಫಜಲಪುರ ತಾಲೂಕಿನ ಭೀಮಾ ದಂಡೆಯ ಊರು ನಮ್ಮದು. ನನ್ನ ತವರು ಹೊಳೆಯ ಆಚೆ. ಅಲ್ಲಿಯ ಬೇವಿನಮರ ಇಲ್ಲಿಗೆ ಕಾಣುತ್ತದೆ, ಬಸ್ಸಿನಲ್ಲಿ ಸುತ್ತು ಹಾಕಿ ಹೋದರೆ ಮಾತ್ರ ಅರ್ಧ ದಿನ. ಒಂದು ದಿನ ಯಜಮಾನರು ಸೋಲಾಪುರದಿಂದ ನೀರಿನ ಮೇಲೆ ಓಡುವ ಹಳೆಯ ಸ್ಕೂಟರು ತಂದರು. “ಇದರ ಮ್ಯಾಲೆ ಕುಂದ್ರಿಸಿ ನಿನ್ನ ಸೀದಾ ತವರಮನಿಗೆ ಬಿಡ್ತೇನಿ” ಅಂದರು.

ಬಿಚ್ಚಿ ಸ್ವಚ್ಛ ಮಾಡಿದರು. ಪದ್ಧತಿಯಂತೆ ಒಂದು ಉಳಿಯಿತು, ಡಬ್ಬಿಗೆ ಹೋಯಿತು. ಹೊಳೆಗೆ ಇಳಿಸಿ ಸ್ವಲ್ಪ ದೂರ ಹೋಗಿದ್ದರು, ದಂಡೆಯಿಂದ ಮೈದುನ ಕೂಗಿದ: “ಅಣ್ಣಾ, ಗಾಡಿ ಮುಳುಗಾಕತ್ತದ!”

ಎದೆಮಟ್ಟ ನೀರಿನಲ್ಲಿ ಕೂತೇ ಇವರು ಕೂಗಿದರು: “ಇಲ್ಲಲೇ, ಹೊಳಿ ಏರಾಕತ್ತದ!”

ಡಬ್ಬಿಗೆ ಹೋಗಿದ್ದು ಗಾಡಿಯ ಹಿಂದಿನ ತೂತಿನ ಬಿರಡೆ. ಇಂಜಿನ್ನು ಹೊಟ್ಟೆತುಂಬ ನೀರು ಕುಡಿದು ಜಾಮ್ ಆಯಿತು.

ಸಮಾಧಾನ ಹೇಳಲು ಬಂದವರು

ಯಜಮಾನರು ಬೇರೆ ಇಂಜಿನ್ನು ತಂದರು. “ನಾನೇ ಕೂಡಿಸ್ತೇನಿ” ಅಂದರು. ಕೂಡಿಸುವ ಮೊದಲೇ ಒಂದು ಮುಂಜಾನೆ ಎದೆನೋವು ಬಂದು ಹೋಗಿಬಿಟ್ಟರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಮನೆ ಬಿಕೋ ಅನ್ನುತ್ತಿತ್ತು.

ಮಾತನಾಡಿಸಲು ಬಂದವರು ಒಳಗೆ ಅಳುತ್ತಿದ್ದರು, ಹೊರಗೆ ಬಂದು ಗಾಡಿ ನೋಡಿ ಸಲಹೆ ಕೊಡುತ್ತಿದ್ದರು. ಸೋಲಾಪುರಕ್ಕೆ ಕಳಿಸಿ ಅಂದರು ಒಬ್ಬರು. ಗುಜರಿಗೆ ಹಾಕಿ ಅಂದರು ಇನ್ನೊಬ್ಬರು. ಒಬ್ಬ ಮುದುಕರಂತೂ ಕಣ್ಣೀರು ಒರೆಸಿಕೊಳ್ಳುತ್ತಲೇ ಹೇಳಿದರು: “ಚಕ್ರ ಹಚ್ಚಿಸ್ರಿ ತಂಗಿ. ಅತನೂರ ಸಂತಿಗಿ ಹೋಗಾಕಾದ್ರೂ ಆಗ್ತದ.”

ನಾವೇ ಕೂಡಿಸಿದ್ದು

“ವೈನಿ, ನಮ್ಮ ಕೈಲೆ ಆಗಂಗಿಲ್ರಿ. ಸೋಲಾಪುರಕ್ಕ ಕಳಸೂಣು” ಅಂದ ಮೈದುನ. ಅವನು ಹೇಳಿದ್ದು ಖರೆ. ಆದರೆ ಅವರು ಮಾಡುತ್ತೇನೆಂದ ಕೆಲಸವನ್ನು ಪರರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ತಿಂಗಳೊಪ್ಪತ್ತು ಹಗ್ಗಜಗ್ಗಾಟ ನಡೆದು, ಕೊನೆಗೆ ನಾವೇ ಕೂತೆವು. ಮೊಬೈಲಿನಲ್ಲಿ ವೀಡಿಯೋ ನೋಡುವುದು, ಕೂಡಿಸುವುದು, ತಪ್ಪಿದರೆ ಬಿಚ್ಚುವುದು. ಬಿರಡೆಯನ್ನು ಮಾತ್ರ ಎಲ್ಲಕ್ಕಿಂತ ಮೊದಲು ಹಾಕಿದೆ.

ಮುಗಿಯಿತು. ನೆಲವೆಲ್ಲ ತಡವಿದೆವು. ಏನೂ ಉಳಿದಿರಲಿಲ್ಲ. ಮೈದುನನ ಮುಖ ಅರಳಿತು.

ಹೊಸ್ತಿಲ ಮೇಲೆ ಕೂತಿದ್ದ ಅತ್ತೆ ಕೇಳಿದರು: “ಒಂದೂ ಉಳದಿಲ್ಲ? ಹಂಗಾದ್ರ ಎಲ್ಲೋ ತಪ್ಪ್ಯಾದ. ಮತ್ತ ಬಿಚ್ರಿ.”

ಯಜಮಾನರು ಹೋದ ಮೇಲೆ ನಮ್ಮ ಮನೆಯಲ್ಲಿ ಮೊದಲ ಸಲ ನಗು ಕೇಳಿಸಿತು. ನಗುತ್ತ ನಗುತ್ತಲೇ ಮೂವರೂ ಅತ್ತೆವು. ಒಳಗೆ ಹೋಗಿ ಡಬ್ಬಿ ತಂದೆ. ಅದರೊಳಗಿನ ಒಂದು ಬೋಲ್ಟು ತೆಗೆದು ಅತ್ತೆಯ ಅಂಗೈಯಲ್ಲಿಟ್ಟೆ.

ಅವರು ಅದನ್ನು ಹೊರಳಿಸಿ ಹೊರಳಿಸಿ ನೋಡಿದರು. ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

“ಹಾಂ, ಕಂಪನಿಯವ್ರು ಹೆಚ್ಚಿಗಿ ಕೊಟ್ಟಾರ” ಅಂದರು. “ಇನ್ನ ಚಾಲೂ ಮಾಡೋ. ನಿಮ್ಮ ವೈನೀನ ತವರಮನಿಗೆ ಬಿಟ್ಟು ಬಾ.”