ಸಂಕ್ರಮಣದ ಪಾಸ್‌ವರ್ಡ್

ನನ್ನ ಭಾವನ ಪಾಸ್‌ವರ್ಡನ್ನು ಲೋಕದ ಯಾವ ಕಳ್ಳನೂ ಮುರಿಯಲಾರ. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ಮಾತ್ರ ಯಾರು ಬೇಕಾದರೂ ಮುರಿದಾರು!

ಭಾವ ಎಂದರೆ ನನ್ನ ಅಕ್ಕನ ಗಂಡ. ಸುಳ್ಯದಲ್ಲಿ ಪಂಪು ರಿಪೇರಿ ಅಂಗಡಿ. ಗಟ್ಟಿ ಪಾಸ್‌ವರ್ಡಿಗೆ ಅವರದೇ ಒಂದು ಪಾಕ ಇದೆ: ಒಂದು ತುಳು ಶಬ್ದ, ಒಂದು ಮಲಯಾಳ ಶಬ್ದ, ನಡುವೆ ಅಂಕಿ, ಚಿಹ್ನೆ. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಎರಡೂ ಭಾಷೆ ಬಲ್ಲವರೇ ಎಲ್ಲ, ಆದರೆ ದೂರದೇಶದ ಕಳ್ಳ ಅವನ್ನು ಕಲಿತು ಬರುವಷ್ಟರಲ್ಲಿ ಸಂಕ್ರಮಣ ಬಂದಿರುತ್ತದೆ. ಸಂಕ್ರಮಣಕ್ಕೂ ಕಳ್ಳನಿಗೂ ಏನು ಸಂಬಂಧ ಅಂದಿರಾ? ತಿಂಗಳು ತಿಂಗಳು ಸಂಕ್ರಮಣದಂದು ಭಾವ ಮಿಂದು, ದೀಪವಿಟ್ಟು, ಬಾಗಿಲು ಹಾಕಿಕೊಂಡು ಪಾಸ್‌ವರ್ಡ್ ಬದಲಿಸುತ್ತಾರೆ. ಎಲ್ಲಿಯೂ ಬರೆದಿಡುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ.

ಅದನ್ನು ಒತ್ತುವಾಗ ತಲೆ, ಮೊಬೈಲು ಎರಡನ್ನೂ ಬೈರಾಸಿನಿಂದ, ಅಂದರೆ ಹೆಗಲ ಮೇಲಿನ ಟವೆಲಿನಿಂದ, ಮುಚ್ಚಿಕೊಳ್ಳುತ್ತಾರೆ. ಒಮ್ಮೆ ಕಡಬದ ಬಸ್ಸಿನಲ್ಲಿ ಹೀಗೆ ಕೂತಿದ್ದಾಗ ಪಕ್ಕದ ಹೆಂಗಸು, ಪಾಪ ಶೀತವಾಗಿರಬೇಕೆಂದು, ನೀಲಗಿರಿ ಎಣ್ಣೆಯ ಬಾಟಲಿ ಒಳಗೆ ತೂರಿಸಿದರಂತೆ. ಆ ತಿಂಗಳು ಭಾವ ಸಂಕ್ರಮಣಕ್ಕೂ ಕಾಯಲಿಲ್ಲ!

ಇದನ್ನೆಲ್ಲ ಊರಿಡೀ ಹೇಳಿ ನಗುತ್ತಿದ್ದ ನಾನು ಈಚೆಗೆ ಪುತ್ತೂರಿನ ಆಸ್ಪತ್ರೆಯಲ್ಲಿ ನಗು ಮರೆತೆ. ವಾರದಿಂದ ಜ್ವರದಲ್ಲಿದ್ದ ಅಕ್ಕನಿಗೆ ಆ ದಿನ ಮೈಮೇಲೆ ಎಚ್ಚರವೇ ಇರಲಿಲ್ಲ. ಹಿಂದೊಮ್ಮೆ ಯಾವುದೋ ಇಂಜೆಕ್ಷನ್ ಒಗ್ಗದೆ ಅವಳು ಸತ್ತು ಬದುಕಿದ್ದಳು. ಅದು ಯಾವುದೆಂದು ತಿಳಿಯದೆ ಮದ್ದು ಕೊಡಲು ಡಾಕ್ಟರು ಹಿಂಜರಿದರು. ಅಂದು ಅವಳನ್ನು ನೋಡಿದ್ದ ಡಾಕ್ಟರು ಈಗಿಲ್ಲ. ಅವರು ಕೊಟ್ಟ ಚೀಟಿ? ಯಾರಾದರೂ ಕದ್ದಾರೆಂದು ಭಾವ ಅದರ ಫೋಟೋವನ್ನು ಈಮೇಲಿಗೆ ಸೇರಿಸಿ, ಚೀಟಿಯನ್ನು ಬಚ್ಚಲ ಒಲೆಗೆ ಹಾಕಿದ್ದರು!

ಭಾವ ಬೈರಾಸು ಹೊದ್ದು ಒತ್ತಿದರು. ತಪ್ಪು. ಮತ್ತೆ ಒತ್ತಿದರು. ಮತ್ತೂ ತಪ್ಪು. ಇನ್ನೊಮ್ಮೆ ತಪ್ಪಿದರೆ ನಾಳೆಯವರೆಗೆ ತೆರೆಯುವುದಿಲ್ಲ ಎಂದು ಮೊಬೈಲು ಎಚ್ಚರಿಸಿತು. ನಾಳೆ! ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು.

“ಈ ಸಂಕ್ರಮಣಕ್ಕೆ ಬದಲಿಸಿದ್ದು ಹೌದಾ ಭಾವ?” ಎಂದು ಕೇಳಿದೆ.

ಭಾವ ಬೈರಾಸು ಸರಿಸಿ ನನ್ನನ್ನೇ ನೋಡಿದರು. “ಹೊಸದು ಮನಸ್ಸಲ್ಲಿ ಮಾಡಿ ಇಟ್ಟಿದ್ದೆ ಮಾರಾಯ. ಅವತ್ತೇ ಅಲ್ವಾ ಇವಳಿಗೆ ಜ್ವರ ಶುರುವಾದ್ದು? ಹಣೆಗೆ ಒದ್ದೆ ಬಟ್ಟೆ ಇಡ್ತಾ ಕೂತೆ. ಬದಲಿಸ್ಲೇ ಇಲ್ಲ.”

ಮೊಬೈಲನ್ನು ನನ್ನ ಕೈಗೆ ಕೊಟ್ಟು, ಅಲ್ಲಿ ಕೂತಿದ್ದವರಿಗೆಲ್ಲ ಕೇಳುವಂತೆ ಹಳೆಯದನ್ನು ಹೇಳಿದರು. “ಗುಜ್ಜೆ, ಸ್ಟಾರ್, ನಲವತ್ತೊಂದು, ಚಕ್ಕ. ನೀನೇ ಒತ್ತು. ನನ್ನ ಕೈ ನಿಲ್ಲುದಿಲ್ಲ.”

ತುಳುವಿನದೂ ಹಲಸು, ಮಲಯಾಳದ್ದೂ ಹಲಸು! ನಗಲು ಯಾರಿಗೆ ಪುರಸೊತ್ತಿತ್ತು? ಒತ್ತಿದೆ, ತೆರೆಯಿತು. ಫೋಟೋ ನೋಡಿದ ಡಾಕ್ಟರು ತಾವು ಬರೆದಿದ್ದ ಮದ್ದುಗಳಲ್ಲಿ ಒಂದನ್ನು ಹೊಡೆದುಹಾಕಿದರು.

ಅಕ್ಕ ಎದ್ದು ಕೂತು ಗಂಜಿ ಕುಡಿದ ಬೆಳಿಗ್ಗೆ, ಇಡೀ ಆಸ್ಪತ್ರೆಗೆ ಗೊತ್ತಾದ ಪಾಸ್‌ವರ್ಡನ್ನು ಇನ್ನಾದರೂ ಬದಲಿಸಿ ಎಂದೆ. ಭಾವ ಅವಳ ಬಾಯಿ ಒರೆಸುತ್ತಿದ್ದರು, ನನ್ನತ್ತ ತಿರುಗಲಿಲ್ಲ.

“ಕದಿಯುವವ ಕದ್ದುಕೊಂಡು ಹೋಗ್ಲಿ ಮಾರಾಯ. ಇವಳು ಇದ್ದಾಳಲ್ಲ.”