ಬಿಚ್ಚಬಾರದ ಗಂಟು

ಅಣ್ಣ ಸತ್ತ ದುಃಖ ಒಂದು ಕಡೆಯಾದರೆ, ಸಾಯುವ ಮೊದಲು ಅಣ್ಣ ಆಡಿ ಹೋದ ಮಾತಿನ ಸಂಕಟ ಐಸಾಕುವಿಗೆ ಇನ್ನೊಂದು ಕಡೆ. ಸೇಕಿಚಿ ಆಸ್ಪತ್ರೆಯ ಮಂಚದಿಂದ ಕಣ್ಣು ಹೊರಳಿಸಿ, ತಮ್ಮನ ಮುಖವನ್ನು ಬಿಟ್ಟು ತಮ್ಮನ ಬೂಟನ್ನು ನೋಡಿ, "ನನ್ನ ಹೆಣದ ಪೆಟ್ಟಿಗೆಗೆ ಕೈ ಕೊಡೋ ದಿನನಾದ್ರೂ ಬೂಟಿನ ದಾರ ನೆಟ್ಟಗೆ ಕಟ್ಕೊಂಡು ಬಾರೋ" ಎಂದಿದ್ದ. (ಬೇರೆಯವರ ಅಣ್ಣಂದಿರು ಸಾಯುವಾಗ ಆಶೀರ್ವಾದ ಮಾಡುತ್ತಾರೆ. ಪಡೆದುಕೊಂಡು ಬಂದಿರಬೇಕು.)

ಸೇಕಿಚಿ ಮಾತ್ಸುಯೆ ಊರಿನ ಕ್ಷೌರಿಕ. ಜೀವಮಾನವಿಡೀ ತಲೆ ತಗ್ಗಿಸಿ ಕುಳಿತ ಗಿರಾಕಿಗಳ ಹಿಂದೆ ನಿಂತವನು. ತಲೆ ಕಂಡಷ್ಟೇ ಬೂಟನ್ನೂ ಕಂಡವನು. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿ, ಅವನಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಸಿಕ್ಕಿದ ದಿನ ಕಪ್ಪು ಚರ್ಮದ ಬೂಟು ಕೊಡಿಸಿದವನೂ ಅವನೇ. ದಾರ ಪೋಣಿಸುವುದನ್ನೂ ಕಲಿಸಿದ್ದ. ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಗೆರೆ ಮಾತ್ರ ಕಾಣಬೇಕು, ಓರೆಯಾದದ್ದೆಲ್ಲ ಒಳಗೆ ಅಡಗಬೇಕು, ತುದಿಗಳೆರಡೂ ಸಮ ಇರಬೇಕು.

ಕಲಿತದ್ದು ಆ ಒಂದೇ ದಿನ. ಆಮೇಲೆ ಐಸಾಕು ಲೋಕದ ದಾರಿ ಹಿಡಿದ. ಮನೆ, ದೇವಾಲಯ, ಊಟದ ಅಂಗಡಿ, ಹಲ್ಲಿನ ಡಾಕ್ಟರು, ಎಲ್ಲಿ ಹೋದರೂ ಹೊಸ್ತಿಲಲ್ಲೇ ಬೂಟು ಕಳಚಬೇಕು. ಪ್ರತಿ ಸಲ ದಾರ ಬಿಚ್ಚಿ ಕಟ್ಟುತ್ತ ಕೂತರೆ ಸಂಸಾರ ನಡೆದಂತೆಯೇ. ಹಾಗಾಗಿ ಕೊಂಡ ದಿನ ಸಡಿಲವಾಗಿ ಒಂದು ಗಂಟು ಹಾಕಿಬಿಟ್ಟರೆ ಬೂಟು ಸವೆಯುವ ತನಕ ಗಂಡಸರಿಗೆ ಅದೇ ಗಂಟು. ಹಿಮ್ಮಡಿಗೆ ಬೂಟು ಏರಿಸುವ ಚಪ್ಪಟೆ ಚಮಚ ಕೊಟ್ಟರೆ ಕಾಲು ಸರಕ್ಕನೆ ಒಳಗೆ. ತಮ್ಮ ಹೀಗೆ ಜಾರುವುದನ್ನು ನೋಡಿದಾಗೆಲ್ಲ ಸೇಕಿಚಿ ನಾಲಿಗೆ ಲೊಚಗುಟ್ಟುತ್ತಿದ್ದ.

ಈಗ ಪೆಟ್ಟಿಗೆಗೆ ಕೈ ಕೊಡುವ ದಿನ ಬಂದೇಬಿಟ್ಟಿತ್ತು. ಅಂತ್ಯಕ್ರಿಯೆಯ ಮಂತ್ರ ಬೌದ್ಧ ದೇವಾಲಯದಲ್ಲಿ. ಅದು ಮುಗಿದ ಮೇಲೆ ಅಲ್ಲಿನ ಮೆಟ್ಟಿಲಿನಿಂದ ಶವವಾಹನದವರೆಗೆ ಅಣ್ಣನನ್ನು ಹೊರಬೇಕು. ತಲೆಯ ಕಡೆ ಬಲಗೈಯ ಜಾಗ ತಮ್ಮನಿಗೆ ಎಂದು ಅಣ್ಣನ ಮಗ ಕೋಹೇ ಆಗಲೇ ಹೇಳಿದ್ದ. ಅಣ್ಣ ತನಗೆ ಮಾಡಿದ್ದಕ್ಕೆಲ್ಲ ತಾನು ಮಾಡಬಹುದಾದದ್ದು ಅದೊಂದೇ ಎಂದು ಐಸಾಕುವಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಬೂಟು ತಂದಿಟ್ಟುಕೊಂಡು ವರ್ಷಗಳ ಹಳೆಯ ಗಂಟನ್ನು ಎಳೆದ. ಬಿಚ್ಚಿಸಿಕೊಂಡು ಅಭ್ಯಾಸವಿಲ್ಲದ ದಾರ ಟಪ್ಪೆಂದು ಕಿತ್ತುಬಂತು.

ಅಲ್ಲಿಗೆ ದಾರಾನ್ವೇಷಣೆ ಆರಂಭ. ಹೆಂಡತಿ ಮಿನೆಕೊಳ ಹೊಲಿಗೆ ಡಬ್ಬಿಯಲ್ಲಿ ಕಂದು ದಾರವಿತ್ತು, ಆಟದ ಬೂಟಿನ ಬಿಳಿ ದಾರವಿತ್ತು.

"ಬಿಳೀದಕ್ಕೆ ಇಂಕು ಹಚ್ಚಿಕೊಳ್ಳಿ" ಎಂದಳು ಮಿನೆಕೊ.

"ಕ್ಷೌರದಂಗಡಿ ಸೇಕಿಚಿಯ ಅಂತ್ಯಕ್ರಿಯೆಗೆ ಇಂಕು ಹಚ್ಚಿದ ದಾರವೇ?"

"ಅವರು ಎದ್ದು ನೋಡ್ತಾರಾ?"

"ನೋಡಿದ್ರೂ ನೋಡಿಯಾನು. ನಿನಗೆ ನಮ್ಮಣ್ಣ ಗೊತ್ತಿಲ್ಲ."

ರೈಲು ನಿಲ್ದಾಣದ ಅಂಗಡಿಯಲ್ಲಿ ಸಿಕ್ಕಿದ್ದು ದುಂಡಗಿನ ಮಿರಮಿರ ದಾರ. ಸಾವಿನ ಮನೆಗೆ ಮಿಂಚುವುದು ಕೂಡದು. ದೊಡ್ಡ ಅಂಗಡಿಯಲ್ಲಿದ್ದದ್ದು ಎತ್ತು ಕಟ್ಟಬಹುದಾದಷ್ಟು ಉದ್ದ. ಅಲ್ಲಿನ ಹುಡುಗಿ ನಗುನಗುತ್ತ, "ಯಾವ ಸಮಾರಂಭಕ್ಕೆ ಸಾರ್?" ಎಂದಳು. "ಅಣ್ಣನ ಸಾವಿಗೆ" ಎಂದ. ಪಾಪ, ಹುಡುಗಿ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಅಲ್ಲಿದ್ದ ಕಾಲುಚೀಲಗಳನ್ನು ಜೋಡಿಸತೊಡಗಿದಳು.

ಕಡೆಗೆ ಕಾಲುವೆ ಬೀದಿಯ ಹಳೇ ಬೂಟಿನಂಗಡಿಯ ಮುದುಕಿ ಕಿಟಕಿಯಲ್ಲಿ ಇಟ್ಟಿದ್ದ ಬೂಟಿನಿಂದಲೇ ದಾರ ಎಳೆದುಕೊಟ್ಟಳು. ಕಪ್ಪು, ಚಪ್ಪಟೆ, ಮಿನುಗಿಲ್ಲ, ಅಳತೆಯೂ ಸರಿ. "ಈ ಜೋಡೀನ ಇಷ್ಟು ವರ್ಷ ಯಾರೂ ಕೇಳ್ಲಿಲ್ಲ. ದಾರ ಇಲ್ಲ ಅಂತ ಇನ್ಮೇಲೆ ಯಾರು ಕೇಳ್ತಾರೆ, ತಗೊಂಡು ಹೋಗಪ್ಪ" ಎಂದಳು. ಐಸಾಕುವಿಗೆ ಆ ಬೋಳು ಬೂಟುಗಳನ್ನು ನೋಡಿ ಯಾಕೋ ಅಳು ಬಂತು.

ಮನೆಗೆ ಬಂದಾಗ ಮಿನೆಕೊ ಸಾವಿನ ಮನೆಗೆ ಒಯ್ಯುವ ಕಾಣಿಕೆ ಹಣದ ಲಕೋಟೆಗೆ ಕಪ್ಪು ಬಿಳಿ ದಾರ ಕಟ್ಟುತ್ತಿದ್ದಳು. ಮಗು ಹುಟ್ಟಿದರೆ, ಬಡ್ತಿ ಸಿಕ್ಕರೆ ಲಕೋಟೆಗೆ ಚಿಟ್ಟೆಗಂಟು. ಎಳೆದರೆ ಬಿಚ್ಚುತ್ತದೆ, ಮತ್ತೆ ಕಟ್ಟಬಹುದು, ಅಂಥ ಸಂತೋಷ ಮತ್ತೆ ಮತ್ತೆ ಬರಲಿ ಎಂದು. ಸಾವಿನ ಲಕೋಟೆಗೆ ಮಾತ್ರ ಬಿಚ್ಚಲು ಬಾರದ ಗಂಟು, ಇಂಥದು ಇದೊಂದೇ ಸಲಕ್ಕೆ ಮುಗಿಯಲಿ ಎಂದು. ಐಸಾಕು ಆ ಗಂಟನ್ನು ದಿಟ್ಟಿಸಿ ನೋಡಿದ. ಅವನ ತಲೆಯಲ್ಲಿ ಜ್ಞಾನೋದಯವಾಯಿತು. (ಸಂಸಾರಸ್ಥರಿಗೆ ಆಗುವ ಜ್ಞಾನೋದಯಗಳಲ್ಲಿ ಮುಕ್ಕಾಲು ಪಾಲು ಹೆಂಡತಿಯ ತಲೆನೋವಾಗಿ ಮುಗಿಯುತ್ತವೆ.)

"ನಾಳೆ ನಾನು ಬೂಟಿಗೆ ಚಿಟ್ಟೆಗಂಟು ಹಾಕಲ್ಲ ಕಣೇ."

"ಮತ್ತೇನು, ಜಡೆ ಹಾಕ್ತೀರಾ?"

"ತಮಾಷೆ ಅಲ್ಲ. ಚಿಟ್ಟೆಗಂಟು ಅಂದ್ರೆ ಮತ್ತೆ ಬಾ ಅಂತ ಕರೆದ ಹಾಗೆ. ಅಪ್ಪ ಹೋದ್ರು, ನಡುವಣ್ಣ ಹೋದ, ಈಗ ದೊಡ್ಡಣ್ಣ. ಮುಂದೆ ಯಾರ ಸರದಿ, ನೀನೇ ಹೇಳು."

"ಸಾವು ನಿಮ್ಮ ಬೂಟನ್ನ ಕೇಳ್ಕೊಂಡು ಬರುತ್ತಾ? ಲಕೋಟೆ ಶಾಸ್ತ್ರ ಲಕೋಟೆಗೆ ರೀ. ಲಕೋಟೇನ ಯಾರೂ ಕಾಲಿಗೆ ಹಾಕ್ಕೊಳ್ಳಲ್ಲ. ದೇವಾಲಯದಲ್ಲಿ ಬೂಟು ಕಳಚಬೇಕು, ಜ್ಞಾಪಕ ಇದೆಯಾ?"

"ಹಾಕೋಕೆ ಬಂದವನಿಗೆ ಕಳಚೋಕೆ ಬರಲ್ವಾ?"

ಮಿನೆಕೊ ಇನ್ನೂ ನಾಲ್ಕು ಮಾತು ಆಡುವವಳಿದ್ದಳು. ಆದರೆ ಗಂಡ ಕಿತ್ತುಬಂದ ಹಳೆಯ ದಾರದಲ್ಲಿ ಆ ಗಂಟನ್ನು ಕಟ್ಟಿ ಕಟ್ಟಿ ನೋಡುತ್ತಿದ್ದುದು ಕಾಣಿಸಿತು. ಈ ಮನುಷ್ಯನಿಗೆ ನಿಜವಾಗಿಯೂ ಹೆದರಿಕೆಯಾಗಿದೆ ಎಂದು ತಿಳಿದು ಲಕೋಟೆಯನ್ನು ಅವನ ಕಣ್ಣೆದುರಿಗೆ ಸರಿಸಿಟ್ಟಳು.

ಮರುದಿನ ಬೆಳಿಗ್ಗೆ ಐಸಾಕು ಬೂಟು ತೊಟ್ಟು, ಅಡ್ಡಗೆರೆಗಳನ್ನು ಒಂದೊಂದಾಗಿ ಬಿಗಿದು, ಬಿಚ್ಚಬಾರದ ಗಂಟು ಹಾಕಿ, ಹಲ್ಲು ಕಚ್ಚಿ ಎಳೆದ. ನೋಡಲು ಚೆನ್ನಾಗಿಯೇ ಇತ್ತು. ದೇವಾಲಯಕ್ಕೆ ನಡೆದು ಹೋಗುವಷ್ಟರಲ್ಲಿ ಎರಡೂ ಪಾದ ಜೋಮು ಹಿಡಿದಿದ್ದವು.

ಮೆಟ್ಟಿಲ ಬಳಿ ಬಂಧುಗಳೆಲ್ಲ ಬೂಟು ಜಾರಿಸಿ ಒಳಗೆ ಹೋದರು. ಐಸಾಕುವಿನ ಬೂಟು ಜಾರಲಿಲ್ಲ. ಕಡೆಗೆ ಮಿನೆಕೊ ಶೋಕದ ಕಪ್ಪು ಕಿಮೋನೊದ ತೋಳು ಮೇಲೇರಿಸಿ, ಅವನನ್ನು ಕಂಬಕ್ಕೆ ಆತುಕೊಳ್ಳಲು ಹೇಳಿ, ಹಲ್ಲು ಕೀಳುವವಳಂತೆ ಒಂದೊಂದೇ ಬೂಟನ್ನು ಎಳೆದು ತೆಗೆದಳು.

"ಇನ್ನು ಇದನ್ನ ಹಾಕ್ಕೊಳ್ಳೋದು ಹೇಗೆ?"

"ಆಮೇಲೆ ನೋಡಿದರಾಯ್ತು. ಮೊದಲು ಅಣ್ಣನ ಪೂಜೆ" ಎಂದ ಐಸಾಕು ಗಾಂಭೀರ್ಯದಿಂದ.

ಮಂತ್ರ ಮುಗಿಯಿತು. ಪೆಟ್ಟಿಗೆಯೊಳಗೆ ಹೂವಿಟ್ಟರು. ಅಣ್ಣನ ಮುಖ ಸಣ್ಣದಾಗಿಬಿಟ್ಟಿತ್ತು. ಮುಚ್ಚಳ ಹಾಕಿದರು. ಅಂತ್ಯಕ್ರಿಯೆಯ ಮೇಲ್ವಿಚಾರಕ ಬಂದು ಮೆಲ್ಲಗೆ, "ಹತ್ತಿರದ ನೆಂಟರು ಬೂಟು ಹಾಕ್ಕೊಂಡು ಕೆಳಗೆ ನಿಂತ್ಕೊಳ್ಳಿ. ನಾವು ಮೆಟ್ಟಿಲವರೆಗೆ ತರ್ತೀವಿ. ಚಿತಾಗಾರದಲ್ಲಿ ಹೊತ್ತು ನಿಗದಿಯಾಗಿದೆ, ತಡ ಮಾಡೋ ಹಾಗಿಲ್ಲ" ಎಂದ.

ಗಂಡಸರೆಲ್ಲ ಸರಕ್ ಸರಕ್ಕನೆ ಬೂಟಿನೊಳಗೆ ಜಾರಿದರು. ಐಸಾಕು ಎಡಗಾಲನ್ನು ಹೇಗೋ ತುರುಕಿದ. ಬಲಗಾಲು ಹೆಬ್ಬೆರಳಿನ ಹತ್ತಿರವೇ ನಿಂತಿತು. ಚಮಚ ತೂರಿಸಿದ, ಚಮಚವೇ ಬಾಗಿತು. ಉಗುರಿನಿಂದ ಗಂಟು ಕೆದಕಿದ. ಉಗುರು ಸೋತ ಮೇಲೆ ಬೂಟನ್ನು ಎರಡೂ ಕೈಯಲ್ಲಿ ಎತ್ತಿ ಹಲ್ಲಿನಿಂದ ಗಂಟು ಕಚ್ಚಿದ. ಪೆಟ್ಟಿಗೆ ಮೆಟ್ಟಿಲಿಗೆ ಬಂತು.

"ಚಿಕ್ಕಪ್ಪ ಎಲ್ಲಿ?" ಕೋಹೇ ಸುತ್ತ ನೋಡಿದ. ಚಿಕ್ಕಪ್ಪ ಮೆಟ್ಟಿಲ ಮೂಲೆಯಲ್ಲಿ ಬೂಟು ಕಚ್ಚುತ್ತ ಕೂತಿದ್ದ.

"ಒಂದ್ನಿಮಿಷ! ಬಂದೆ, ಬಂದೇಬಿಟ್ಟೆ!" ಎಂದು ಕೂಗಿದ. ಬಾಯಲ್ಲಿ ದಾರವಿದ್ದುದರಿಂದ ಯಾರಿಗೂ ಅರ್ಥವಾಗಲಿಲ್ಲ.

ತಲೆಯ ಕಡೆ ಬಲಗೈಯ ಜಾಗ ಖಾಲಿಯಿತ್ತು. ಪೆಟ್ಟಿಗೆ ಸ್ವಲ್ಪ ಆ ಕಡೆಗೆ ವಾಲಿತು. ಮಿನೆಕೊ ಗಂಡನತ್ತ ನೋಡಿದಳು, ಪೆಟ್ಟಿಗೆಯತ್ತ ನೋಡಿದಳು. ಆಮೇಲೆ ಕಪ್ಪು ಚಪ್ಪಲಿ ಮೆಟ್ಟಿಕೊಂಡು, ಕಿಮೋನೊ ಸರಿಮಾಡಿಕೊಂಡು ಹೋಗಿ ಆ ಜಾಗದಲ್ಲಿ ನಿಂತಳು.

"ಅವರ ಬದಲು ನಾನು ಕೈ ಕೊಡ್ತೀನಿ. ನಡೀರಿ" ಎಂದಳು.

ಐಸಾಕು ಒಂದು ಬೂಟಿನಲ್ಲಿ, ಒಂದು ಕಾಲುಚೀಲದಲ್ಲಿ ಕುಂಟುತ್ತ ಜಲ್ಲಿಕಲ್ಲಿನ ಮೇಲೆ ಓಡಿದ. ಅವನು ತಲುಪುವ ಹೊತ್ತಿಗೆ ಶವವಾಹನದ ಬಾಗಿಲು ಮುಚ್ಚಿಯಾಗಿತ್ತು. ವಾಹನ ಉದ್ದಕ್ಕೆ ಹಾರ್ನ್ ಬಾರಿಸಿ ಹೊರಟಿತು. ಎಲ್ಲರೂ ತಲೆಬಾಗಿದರು. ಐಸಾಕು ಬಾಗಿದವನು ಏಳಲೇ ಇಲ್ಲ, ಬೂಟು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

"ನೋಡಿದ್ರಾ, ಒಡಹುಟ್ಟಿದವರು ಅಂದ್ರೆ ಹೀಗಿರಬೇಕು. ದುಃಖದಲ್ಲಿ ಬೂಟು ಹಾಕ್ಕೊಳ್ಳೋದನ್ನೇ ಮರೆತುಬಿಟ್ಟಿದ್ದಾರೆ" ಎಂದು ನೆರೆಮನೆಯ ಹೆಂಗಸು ಕಣ್ಣೊರೆಸಿಕೊಂಡಳು. ಮಿನೆಕೊ ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. ಅವಳ ಅಂಗೈಯಲ್ಲಿ ಪೆಟ್ಟಿಗೆಯ ಅಂಚು ಒತ್ತಿದ ಕೆಂಪು ಗೆರೆ ಇನ್ನೂ ಹಾಗೇ ಇತ್ತು.

ಐಸಾಕು ಆ ಗೆರೆಯನ್ನೇ ನೋಡುತ್ತ, "ಅಣ್ಣ ತುಂಬಾ ಭಾರ ಇದ್ದನೇನೇ?" ಎಂದ.

"ಇಲ್ಲ ಕಣ್ರಿ" ಎಂದಳು ಮಿನೆಕೊ. "ಬರೀ ಕಾಲಲ್ಲಿ ಬಂದಿದ್ರೂ ಹೊರಬಹುದಿತ್ತು."