ಪಕ್ಕದ ಸೀಟಿನ ತೂಕ

ಭಾನುವಾರ ಸಂಜೆಯೊಳಗೆ ಹೆಂಡತಿಯನ್ನು ಮನೆಗೆ ಕರೆತರದಿದ್ದರೆ ನನ್ನ ಹೆಸರೇ ಬದಲಾಯಿಸಿಕೊಳ್ಳುತ್ತೇನೆ ಎಂದು ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಘೋಷಿಸಿದೆ. ಕೇಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಅಕ್ಕನ ಮನೆ ಸೇರಿ ಇಪ್ಪತ್ತಮೂರು ದಿನವಾಗಿತ್ತು. ಜಗಳವಾಡಿ ಹೋಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಸ್ವಲ್ಪ ದಿನ ಅಲ್ಲೇ ಇರುತ್ತೇನೆ ಎಂದಷ್ಟೇ ಹೇಳಿ ಹೋಗಿದ್ದಳು. ನಾನೋ, ಫ್ರಿಜ್ಜಿನ ಜೊತೆ ಮಾತಾಡುವ ಹಂತ ತಲುಪಿದ್ದೆ. ಅದಾದರೂ ಆಗಾಗ ಗುರ್ರೆನ್ನುತ್ತಿತ್ತು!

ನನ್ನ ಕಸುಬು ಕಾರುಗಳನ್ನು ಓಡಿಸಿ ನೋಡಿ ಪತ್ರಿಕೆಗೆ ಬರೆಯುವುದು. ಆ ವಾರ ಸಂಪಾದಕರು ಎರಡು ಸ್ಪೋರ್ಟ್ಸ್ ಕಾರು ಕೊಡಿಸಿದ್ದರು. ಒಂದು ಯುರೋಪಿನದು, ಎಷ್ಟು ಹಗುರವೆಂದರೆ ಬಾಗಿಲು ಜೋರಾಗಿ ಹಾಕಿದರೆ ಕಾರೇ ಪಕ್ಕಕ್ಕೆ ಸರಿದೀತು. ಇನ್ನೊಂದು ಅಮೆರಿಕದ ಎಂಟು ಸಿಲಿಂಡರಿನ ಪೈಲ್ವಾನ. ಎರಡರಲ್ಲೂ ಇಬ್ಬರು ಕೂತು ನೋಡಿ, ಯಾವುದು ಮೇಲು ಎಂದು ಬರೆಯಬೇಕು. ಹನ್ನೊಂದು ವರ್ಷದಿಂದ ನನ್ನ ಪಕ್ಕದ ಸೀಟು ಅವಳದೇ. ಇದಕ್ಕಿಂತ ಒಳ್ಳೆಯ ನೆಪ ಬೇಕೆ!

ಹಗುರದ ಕಾರಿನಲ್ಲಿ ಹೊರಟೆ. ಟೈಲರ್ ಆಗಿರುವ ಅವಳ ಅಕ್ಕ ಕತ್ತರಿ ಹಿಡಿದೇ ಬಾಗಿಲಿಗೆ ಬಂದು, ತನ್ನ ಸೊಂಟದೆತ್ತರದ ಕಾರನ್ನು ನೋಡಿ, ಇದರೊಳಗಿಂದ ಏಳುವುದು ಹೇಗೆ ಎಂದು ಕೇಳಿದರು. ಆದರೆ ನನ್ನವಳು ಬಂದಳು! ಮಡಿಲಲ್ಲಿ ಬಟ್ಟೆಯ ಚೀಲವನ್ನೂ ಇಟ್ಟುಕೊಂಡು ಕೂತಳು. ಅಂದರೆ ಮನೆಗೇ ಬರುವವಳು. ನನ್ನ ಎದೆ ಸ್ಟೀರಿಂಗಿಗೆ ತಗಲುವಷ್ಟು ಉಬ್ಬಿತು.

ಊರಾಚೆಯ ಖಾಲಿ ರಸ್ತೆಯಲ್ಲಿ, ಕಾರು ನೂರರ ವೇಗ ಮುಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯಲು ವೇಗ ಹೆಚ್ಚಿಸಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಒಂದು ನಿಮಿಷ ಇರು ಎಂದು ತಡೆದು, ಸ್ಟಾಪ್‌ವಾಚ್ ನೋಡಿದೆ.

"ಅಯ್ಯೋ, ನಿನ್ನ ತೂಕದಿಂದ ಅರ್ಧ ಸೆಕೆಂಡು ತಡ ಆಯ್ತು ಕಣೇ!"

ಹನ್ನೊಂದು ವರ್ಷದ ಅಭ್ಯಾಸ, ಬಾಯಿಂದ ಜಾರಿಬಿಟ್ಟಿತು. "ಗಾಡಿ ತಿರುಗಿಸಿ" ಎಂದಳು ಅವಳು, ಅಷ್ಟೇ. ಅಕ್ಕನ ಮನೆ ಮುಂದೆ ಚೀಲದ ಸಮೇತ ಇಳಿದಾಗ ಕಾರು ಎರಡು ಬೆರಳಷ್ಟು ಮೇಲೆದ್ದಿತು. ಕಾರಿನ ಸ್ಪ್ರಿಂಗಿಗಾದರೂ ನಾಚಿಕೆ ಬೇಡವೆ!

ಮನೆಗೆ ಬಂದು ಯೋಚಿಸಿದೆ. ತಪ್ಪು ನನ್ನದಲ್ಲ, ಕಾರಿನದು ಎಂದು ತೀರ್ಮಾನವಾಯಿತು. ಭಾನುವಾರ ಬೆಳಿಗ್ಗೆ ಪೈಲ್ವಾನನ ಪಕ್ಕದ ಸೀಟಿನಲ್ಲಿ ಅವಳಷ್ಟೇ ತೂಕದ ಮರಳಿನ ಮೂಟೆ ಕೂರಿಸಿ, ಬೆಲ್ಟ್ ಹಾಕಿ, ಅದೇ ರಸ್ತೆಯಲ್ಲಿ ಓಡಿಸಿ ಹೊತ್ತು ಅಳೆದೆ. ದಾರಿಯುದ್ದಕ್ಕೂ ಮೂಟೆಯೆದುರು ಕ್ಷಮೆ ಕೇಳುವ ಅಭ್ಯಾಸವನ್ನೂ ಮಾಡಿಕೊಂಡೆ. ಅದು ಎಲ್ಲಕ್ಕೂ ಒಪ್ಪಿತು. ಇಳಿಸುವಾಗ ನನಗರಿವಿಲ್ಲದೆ "ಹುಷಾರು, ತಲೆ" ಎಂದೆ. ಅವಳಿಲ್ಲದೆ ನನ್ನ ಕೈಲಾಗದು ಎಂದು ಅಲ್ಲೇ, ರಸ್ತೆಬದಿಯಲ್ಲಿ, ಮೂಟೆಯನ್ನು ತಬ್ಬಿಕೊಂಡು ನಿಂತಾಗ ಗೊತ್ತಾಯಿತು.

ಅದನ್ನೇ ಅವಳಿಗೆ ಹೇಳಿದ್ದರೆ ಸಾಕಿತ್ತು.

ಪೈಲ್ವಾನನ ಗರ್ಜನೆಗೆ ಅವಳ ಅಕ್ಕನ ಬೀದಿಯ ಕಿಟಕಿಗಳೆಲ್ಲ ತೆರೆದವು. ಅವಳು ಗೇಟಿನ ಬಳಿಗೆ ಬಂದಳು. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿ, ಲೆಕ್ಕ ಮಾತ್ರ ನೆನಪಾಯಿತು.

"ನಿನ್ನೆ ಹಾಗಂದಿದ್ದು ತಪ್ಪಾಯ್ತು. ಇದ್ರಲ್ಲಿ ಆ ತೊಂದರೆನೇ ಇಲ್ಲ ನೋಡು. ನೀನು ಪಕ್ಕದಲ್ಲಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ವ್ಯತ್ಯಾಸವೇ ಗೊತ್ತಾಗಲ್ಲ!"

ಗೇಟಿನ ಚಿಲಕ ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಮನೇಲೂ ಹಾಗೇ ಇತ್ತು ರೀ. ಅದಕ್ಕೇ ಇಲ್ಲಿಗೆ ಬಂದೆ."